ಸನ್ಮಾನ ಸಾಕು, ಹುದ್ದೆ ತುಂಬಿ

ನರ್ಸ್‌ಗಳ ದಿನವಾದ ಮೇ 12 ಬಂತೆಂದರೆ ನಮ್ಮ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಕಾಲೇಜುಗಳಲ್ಲಿ ಸಮಾರಂಭ ನಡೆಯುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಪಟಕ್ಕೆ ಹಾರ, ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ, ಹಿರಿಯ ಸಿಸ್ಟರ್‌ಗಳಿಗೆ ಶಾಲು ಮತ್ತು ಸ್ಮರಣಿಕೆ. ವೇದಿಕೆಯಿಂದ ಬರುವ ಮಾತುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ನರ್ಸ್ ಎಂದರೆ ತಾಯಿ. ಇದು ನೌಕರಿಯಲ್ಲ, ಪುಣ್ಯದ ಕೆಲಸ. ಇರುವ ಸೌಲಭ್ಯದಲ್ಲೇ ಹೊಂದಿಸಿಕೊಂಡು, ಬೇಸರಿಸದೆ, ನಗುಮುಖದಿಂದ ದುಡಿಯುವವರೇ ನಿಜವಾದ ನರ್ಸ್. ಕೊರತೆ ಎಲ್ಲ ಕಡೆಯೂ ಇದೆ, ಕಷ್ಟದಲ್ಲಿ ದುಡಿಯುತ್ತಿರುವ ಇವರಿಗೆ ನಾವು ನಾಲ್ಕು ಒಳ್ಳೆಯ ಮಾತು ಹೇಳಿ ಪ್ರೋತ್ಸಾಹಿಸಬೇಕು. ಹೀಗೆ ಹೇಳುವವರಲ್ಲಿ ಬಹಳ ಮಂದಿ ಮನಸಾರೆಯೇ ಹೇಳುತ್ತಾರೆ. ಪತ್ರಿಕೆಯ ವಿಶೇಷ ಲೇಖನಗಳು, ಶಾಸಕರ ಭಾಷಣಗಳು, ಆಸ್ಪತ್ರೆ ಆಡಳಿತಗಳು ಏರ್ಪಡಿಸುವ ಒತ್ತಡ ನಿರ್ವಹಣೆಯ ಶಿಬಿರಗಳು ಎಲ್ಲವೂ ಇದೇ ನಂಬಿಕೆಯ ಮೇಲೆ ನಿಂತಿವೆ. ಒಳ್ಳೆಯ ಮನಸ್ಸಿನವರು ಹಿಡಿದ ನಂಬಿಕೆ ಎಂಬ ಕಾರಣಕ್ಕೇ ಇದನ್ನು ಎದುರಿಸಿ ಮಾತಾಡಬೇಕಾಗಿದೆ. ನರ್ಸ್‌ಗಳ ಸಹನೆಯನ್ನು ಕೊಂಡಾಡುವ ಪ್ರೋತ್ಸಾಹದಿಂದ ಅವರ ಕಷ್ಟ ಒಂದಿಷ್ಟೂ ಇಳಿಯುವುದಿಲ್ಲ. ಅದು ಕೊರತೆಯನ್ನು ಸರ್ಕಾರದ, ಆಡಳಿತ ಮಂಡಳಿಯ, ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ, ಕೊನೆಗೆ ಅದರ ಬೆಲೆಯನ್ನು ಹಾಸಿಗೆಯ ಮೇಲೆ ಮಲಗಿದ ರೋಗಿ ತೆರುತ್ತಾನೆ. ಇದು ನನ್ನ ವಾದ.

ಮೊದಲು ವಾರ್ಡಿನೊಳಗಿನ ಲೆಕ್ಕವನ್ನು ನೋಡೋಣ. ನಲವತ್ತು ಹಾಸಿಗೆಯ ಒಂದು ಜನರಲ್ ವಾರ್ಡು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಒಬ್ಬರೇ ನರ್ಸ್ ಎಂದಿಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಇದು ಅತಿಶಯೋಕ್ತಿ ಅನ್ನಿಸಲಾರದು. ಹನ್ನೆರಡು ಗಂಟೆಗೆ 720 ನಿಮಿಷ. ನಲವತ್ತು ಮಂದಿಗೆ ಹಂಚಿದರೆ ತಲೆಗೆ 18 ನಿಮಿಷ. ಬಿಪಿ, ಜ್ವರ ನೋಡುವುದು, ಔಷಧ ಕೊಡುವುದು, ಡ್ರಿಪ್ ಬದಲಿಸುವುದು, ಕೇಸ್ ಶೀಟ್ ಬರೆಯುವುದು, ಹೊಸದಾಗಿ ದಾಖಲಾದವರನ್ನು ಒಳಗೆ ತೆಗೆದುಕೊಳ್ಳುವುದು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವುದು, ಬೆಳಗಿನ ರಕ್ತದ ಮಾದರಿ ತೆಗೆಯುವುದು ಎಲ್ಲವೂ ಆ ಹದಿನೆಂಟು ನಿಮಿಷದಲ್ಲೇ ಮುಗಿಯಬೇಕು. ನರ್ಸ್ ಊಟ ಮಾಡುವ, ಶೌಚಾಲಯಕ್ಕೆ ಹೋಗುವ ಹೊತ್ತನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಹತ್ತು ಗಂಟೆಗೆ ಇಪ್ಪತ್ತು ಮಂದಿಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಇದೆ ಎನ್ನಿ. ಹೆಸರು, ಡೋಸು ನೋಡಿ, ಸೀಸೆಯ ಪುಡಿಗೆ ಸ್ಟೆರೈಲ್ ವಾಟರ್ ಹಾಕಿ ಕರಗಿಸಿ, ಸಿರಿಂಜಿಗೆ ಎಳೆದು, ಕ್ಯಾನುಲಾ ಸರಿಯಾಗಿ ಕೂತಿದೆಯೇ, ಕೈ ಊದಿದೆಯೇ ಎಂದು ಪರೀಕ್ಷಿಸಿ, ನಿಧಾನವಾಗಿ ಒಳಗೆ ಬಿಡಬೇಕು. ಒಬ್ಬರಿಗೆ ಐದೇ ನಿಮಿಷ ಎಂದರೂ ಕೊನೆಯ ರೋಗಿಯ ಸರದಿ ಬರುವಷ್ಟರಲ್ಲಿ ಹನ್ನೊಂದೂವರೆ ದಾಟಿರುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬನ ಕಡೆಗೆ ಹೋಗುವ ಮುನ್ನ ಕೈ ಶುಚಿ ಮಾಡಿಕೊಳ್ಳಬೇಕು; ಸ್ಯಾನಿಟೈಸರ್ ಹಾಕಿ ಇಪ್ಪತ್ತರಿಂದ ಮೂವತ್ತು ಸೆಕೆಂಡು ಉಜ್ಜಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ರಾತ್ರಿಯಿಡೀ ಒಬ್ಬೊಬ್ಬ ರೋಗಿಯನ್ನು ನಾಲ್ಕು ಸಲ ಮುಟ್ಟಿದರೆ ಕೈ ಶುಚಿಗೇ 80 ನಿಮಿಷದವರೆಗೆ ಬೇಕು. ಆ 80 ನಿಮಿಷ ಎಲ್ಲಿಂದ ಬರಬೇಕು? ಒಬ್ಬ ರೋಗಿಯ ಉಸಿರು ಕೆಟ್ಟು ಒಂದು ಗಂಟೆ ಅವನ ಪಕ್ಕದಲ್ಲೇ ನಿಲ್ಲಬೇಕಾಗಿ ಬಂದರೆ ಉಳಿದ ಮೂವತ್ತೊಂಬತ್ತು ಮಂದಿಯ ಗತಿ ಏನು?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾಸ್ಪತ್ರೆಯ ಜನರಲ್ ವಾರ್ಡಿಗೆ ಮೂರು ಹಾಸಿಗೆಗೊಬ್ಬ, ಉಳಿದ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೊಬ್ಬ ನರ್ಸ್ ಇರಬೇಕು ಎನ್ನುತ್ತದೆ. ರಜೆಗೆ ಹೋಗುವವರ ಜಾಗ ತುಂಬಲು ಅದರ ಮೇಲೆ ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು. ಈ ಸಂಖ್ಯೆಯನ್ನು ಉದಾರವಾಗಿ ಅರ್ಥೈಸಿ ಮೂರು ಪಾಳಿಗೆ ಹಂಚಿಬಿಟ್ಟರೂ ನಲವತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಮೂವರು ಇರಬೇಕಾಗುತ್ತದೆ. ಒಬ್ಬರೇ ಇದ್ದಾಗ ಇಬ್ಬರ ಕೆಲಸ ಎಲ್ಲಿ ಹೋಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಒಂದಿಷ್ಟನ್ನು ಆ ಒಬ್ಬರೇ ಓಡಾಡಿ ಮಾಡುತ್ತಾರೆ. ಒಂದಿಷ್ಟನ್ನು ರೋಗಿಯ ಕಡೆಯವರು ಮಾಡುತ್ತಾರೆ: ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಡ್ರಿಪ್ ಮುಗಿಯಿತೆಂದು ನಿದ್ದೆಗಣ್ಣಲ್ಲಿ ಎದ್ದು ಬಂದು ಕೂಗುವುದು. ಇನ್ನೊಂದಿಷ್ಟು ಆಗುವುದೇ ಇಲ್ಲ. ಆದರೆ ಚಾರ್ಟಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ಹನ್ನೊಂದೂವರೆಗೆ ಕೊಟ್ಟ ಡೋಸಿನ ಎದುರು ಹತ್ತು ಗಂಟೆ ಎಂದೇ ಬರೆಯುವ ಒತ್ತಡ ಇರುತ್ತದೆ, ಏಕೆಂದರೆ ತಡವಾಯಿತೆಂದು ಬರೆದರೆ ಮರುದಿನ ಉತ್ತರ ಕೊಡಬೇಕಾದವರು ಅವರೇ. ಹೀಗೆ ಬೆಳಗಾಗುವಷ್ಟರಲ್ಲಿ ಕಡತಗಳೆಲ್ಲ ಸರಿಯಾಗಿರುತ್ತವೆ, ವಾರ್ಡು ನಡೆದಿರುತ್ತದೆ. ಒಬ್ಬರಿಂದಲೇ ನಡೆಯಿತಲ್ಲ ಎಂಬುದೇ ಮುಂದಿನ ತಿಂಗಳ ಡ್ಯೂಟಿ ಪಟ್ಟಿಗೆ ಆಧಾರವಾಗುತ್ತದೆ. ಇಲ್ಲಿಗೆ ಸನ್ಮಾನದ ಶಾಲು ಬಂದಾಗ ಅದು ಏನನ್ನು ಸನ್ಮಾನಿಸುತ್ತದೆ? ಮೂವರ ಕೆಲಸವನ್ನು ಒಬ್ಬರೇ ಮಾಡಿದ್ದನ್ನು. ಖಾಲಿ ಹುದ್ದೆಯನ್ನು ಯಾರೂ ಕೇಳದಂತೆ ಮಾಡುವ ಶಕ್ತಿ ಆ ಹೊಗಳಿಕೆಗಿದೆ.

ನೈಟಿಂಗೇಲ್ ಹೆಸರಿನಲ್ಲಿ ಈ ಸಹನೆಯ ಪಾಠ ನಡೆಯುವುದಂತೂ ಆಕೆಗೆ ಮಾಡುವ ಅನ್ಯಾಯ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ಕೊನೆಗೆ, ಆಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಾಗ ಅಲ್ಲಿ ಗಾಯಕ್ಕಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ಟೈಫಸ್‌ನಿಂದ ಸೈನಿಕರು ಸಾಯುತ್ತಿದ್ದರು. ದೀಪ ಹಿಡಿದು ರಾತ್ರಿಯಿಡೀ ಓಡಾಡಿದ ಮಮತೆ ಸುಳ್ಳಲ್ಲ. ಆದರೆ ಆ ಮಮತೆ ಇದ್ದಾಗಲೇ 1855ರ ಫೆಬ್ರುವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ನಲವತ್ತನ್ನು ಮೀರಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿ, ಗಾಳಿಗೆ ದಾರಿ ಮಾಡಿ, ನೀರನ್ನು ಸರಿಪಡಿಸಿದ ಮೇಲೆ ಜೂನ್ ಹೊತ್ತಿಗೆ ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿದು ಇಂಗ್ಲೆಂಡಿಗೆ ಮರಳಿದ ನೈಟಿಂಗೇಲ್, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಂದಿಗೆ ಕೂತು ಈ ಸಾವುಗಳನ್ನೆಲ್ಲ ಎಣಿಸಿದರು, ಬಣ್ಣದ ಚಕ್ರಚಿತ್ರಗಳಲ್ಲಿ ಬರೆದು ಸರ್ಕಾರದ ಮುಂದಿಟ್ಟರು. ತಡೆಯಬಹುದಾಗಿದ್ದ ಸಾವುಗಳಿಗೆ ಹೊಣೆ ಯಾರು ಎಂದು ಅಧಿಕಾರಸ್ಥರನ್ನು ಕೇಳಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಆಕೆ. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ಸೇನಾ ಠಾಣೆಗಳ ನೀರು, ಚರಂಡಿ, ಕಾಯಿಲೆಗಳ ಲೆಕ್ಕ ತರಿಸಿಕೊಂಡು ವರ್ಷಗಟ್ಟಲೆ ಬ್ರಿಟಿಷ್ ಸರ್ಕಾರದ ಬೆನ್ನು ಹತ್ತಿದವರು. ಇದ್ದುದರಲ್ಲೇ ಹೊಂದಿಸಿಕೊಳ್ಳಿ ಎಂದು ನರ್ಸ್‌ಗಳಿಗೆ ಹೇಳಲು ಈ ಹೆಸರನ್ನು ಬಳಸುವುದು ಆಕೆಯ ಅರ್ಧ ಬದುಕನ್ನು ಅಳಿಸಿ ಉಳಿದರ್ಧವನ್ನು ಪಟ ಮಾಡಿ ತೂಗುಹಾಕಿದ ಹಾಗೆ.

ನರ್ಸ್‌ಗಳ ಸಂಖ್ಯೆಗೂ ರೋಗಿಯ ಜೀವಕ್ಕೂ ಇರುವ ನಂಟು ಊಹೆಯ ಮಾತಾಗಿರುವುದು ನಿಂತು ಎರಡು ದಶಕ ಕಳೆಯಿತು. ಲಿಂಡಾ ಏಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ 10,184 ನರ್ಸ್‌ಗಳನ್ನೂ, ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆಗಳನ್ನೂ ಅಧ್ಯಯನ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ದಾಖಲಾದ ಮೂವತ್ತು ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ನರ್ಸ್ ದಣಿದು ಬತ್ತಿಹೋಗುವ ಸಂಭವ ಶೇ. 23ರಷ್ಟು ಏರುತ್ತಿತ್ತು. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲೂ ಅದೇ ಶೇ. 7 ಕಂಡಿತು. ಅಲ್ಲೆಲ್ಲ ವಾದ ನಡೆಯುತ್ತಿದ್ದದ್ದು ನರ್ಸ್ ಒಬ್ಬರಿಗೆ ನಾಲ್ಕೋ ಎಂಟೋ ರೋಗಿಗಳು ಎಂಬ ಅಂತರದಲ್ಲಿ. ನಮ್ಮ ನಲವತ್ತರ ವಾರ್ಡಿಗೆ ಆ ಶೇಕಡಾವಾರನ್ನು ಹಾಗೇ ಗುಣಿಸಿಬಿಡುವುದು ವಿಜ್ಞಾನವಲ್ಲ, ನಾನು ಅದನ್ನು ಮಾಡುವುದಿಲ್ಲ. ಆದರೆ ಎಂಟು ರೋಗಿಗಳೇ ಅಪಾಯವಾದ ಮೇಲೆ ನಲವತ್ತು ನಿರಪಾಯ ಎನ್ನಲು ಯಾವ ಆಧಾರವೂ ಇಲ್ಲ. ನರ್ಸ್ ಎಷ್ಟೇ ದಯಾಮಯಿಯಾದರೂ ಆಕೆ ಪಕ್ಕದಲ್ಲಿ ಇಲ್ಲದ ಹೊತ್ತಿನಲ್ಲಿ ರೋಗಿಯ ಉಸಿರು ಏರಿದ್ದು, ಮೂತ್ರ ಕಟ್ಟಿದ್ದು, ಹೆರಿಗೆಯಾದವಳ ರಕ್ತಸ್ರಾವ ನಿಲ್ಲದ್ದು ಆಕೆಗೆ ತಿಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಗುರುತಿಸುವುದೇ ನರ್ಸಿಂಗ್‌ನ ತಿರುಳು. ಅದಕ್ಕೆ ಕಣ್ಣುಗಳು ಬೇಕು, ಕಣ್ಣುಗಳಿಗೆ ಹೊತ್ತು ಬೇಕು.

ನಮ್ಮದೇ ರಾಜ್ಯದ ಇತ್ತೀಚಿನ ಚರಿತ್ರೆಯೂ ಇದೇ ಮಾತನ್ನು ಹೇಳುತ್ತದೆ. ಕೋವಿಡ್ ಹಬ್ಬತೊಡಗಿದ್ದ 2020ರ ಮಾರ್ಚ್ 22ರ ಸಂಜೆ ಇಡೀ ದೇಶ ತಟ್ಟೆ ಬಡಿದು ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಹೇಳಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ಸರಿಯಾಗಿ ಒಂದು ವರ್ಷದ ಬಳಿಕ, 2021ರ ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಪ್ರಾಣ ಬಿಟ್ಟರು. ಆಕ್ಸಿಜನ್ ಸಾಲದಾದ ರಾತ್ರಿ ಅದು. ಹೂಮಳೆಗೂ ಆ ಸಾವಿಗೂ ಕಾರಣ-ಪರಿಣಾಮದ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಕೃತಜ್ಞತೆ ತೋರಿದ ವರ್ಷದಲ್ಲೇ ಆಕ್ಸಿಜನ್ ಸಂಗ್ರಹ, ಸಾಗಾಟ, ಸಿಬ್ಬಂದಿಯ ಏರ್ಪಾಡು ಆಗಬೇಕಿತ್ತು, ಆಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಮೀಟರಿನ ಮುಳ್ಳು ಕೆಳಗಿಳಿಯುವುದನ್ನು ಮೊದಲು ನೋಡುವವರು ವಾರ್ಡಿನ ನರ್ಸ್‌ಗಳು. ಸಿಲಿಂಡರ್ ತರಿಸುವ ಅಧಿಕಾರ ಇರುವುದು ಬೇರೆಯವರಿಗೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೊರಳಿದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಗಳ ಕಡೆಗೆ. ಬಾಟಲಿ ಕೊಳ್ಳುವುದರಲ್ಲಿ, ಗುಣಮಟ್ಟ ಪರೀಕ್ಷಿಸುವುದರಲ್ಲಿ ನರ್ಸ್‌ಗೆ ಯಾವ ಪಾತ್ರವೂ ಇಲ್ಲ, ಆದರೆ ಅದನ್ನು ತೂಗುಹಾಕಿ ಬಾಣಂತಿಯ ರಕ್ತನಾಳಕ್ಕೆ ಬಿಡುವ ಕೈ ಆಕೆಯದೇ. ಔಷಧ ಸ್ಟಾಕಿನಲ್ಲಿಲ್ಲ, ಹೊರಗಿನಿಂದ ತನ್ನಿ ಎಂದು ಚೀಟಿ ಕೊಟ್ಟಾಗ ಬೈಸಿಕೊಳ್ಳುವವರೂ ಅವರೇ. ವ್ಯವಸ್ಥೆಯ ಪ್ರತಿ ಕೊರತೆಗೂ ರೋಗಿಯ ಕಣ್ಣಲ್ಲಿ ನರ್ಸ್‌ನ ಮುಖವೇ ಕಾಣುವಂತೆ ನಾವು ಏರ್ಪಾಡು ಮಾಡಿಕೊಂಡಿದ್ದೇವೆ. ಆಮೇಲೆ ಅವರ ಮನೋಬಲ ಹೆಚ್ಚಿಸಲು ಉಪನ್ಯಾಸಕರನ್ನು ಕರೆಸುತ್ತೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದೇ. ಸೇವಾಭಾವ ಇಲ್ಲದೆ ನರ್ಸಿಂಗ್ ಇಲ್ಲ. ಸಂಬಳ, ಅನುಪಾತ, ಹಕ್ಕು ಎಂದು ಹೊರಟರೆ ಕೈ ಕೆಲಸ ಮಾಡುತ್ತದೆ, ಕರುಳು ಮಿಡಿಯುವುದಿಲ್ಲ ಎನ್ನುತ್ತಾರೆ. ಕರುಣೆ ಮತ್ತು ಹಕ್ಕು ಒಂದರ ವಿರುದ್ಧ ಒಂದು ನಿಲ್ಲುತ್ತವೆ ಎಂಬ ಈ ಕಲ್ಪನೆಯನ್ನು ಒಡೆಯಲು ಕನ್ನಡಿಗರಿಗೆ ಹತ್ತಿರದ ಉದಾಹರಣೆ ಒಂದಿದೆ. ಹೊನ್ನಾವರ ತಾಲ್ಲೂಕಿನ ಹಳದಿಪುರದಿಂದ ಹೋಗಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ಬರ್ಬರ ದಾಳಿ ನಡೆಸಿದ. ಆಕೆಗೆ ಮತ್ತೆ ಪ್ರಜ್ಞಾವಂತ ಬದುಕು ಸಿಗಲೇ ಇಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಲವತ್ತೊಂದು ವರ್ಷಕ್ಕೂ ಮೀರಿ, ಆಕೆಯನ್ನು ಉಣಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ತಲೆಮಾರು ಬದಲಾದರೂ ಆರೈಕೆ ನಿಲ್ಲಲಿಲ್ಲ. ಆಕೆಯ ಮೈಯಲ್ಲಿ ಒಂದು ಬೆಡ್‌ಸೋರ್ ಕೂಡ ಆಗದಂತೆ ನೋಡಿಕೊಂಡದ್ದನ್ನು ಸುಪ್ರೀಂ ಕೋರ್ಟ್ 2011ರ ತೀರ್ಪಿನಲ್ಲಿ ಮೆಚ್ಚಿ ದಾಖಲಿಸಿದೆ. ಇದಕ್ಕಿಂತ ದೊಡ್ಡ ಸೇವಾಭಾವವನ್ನು ಎಲ್ಲಿಂದ ತರುವುದು? ಆದರೆ ದಾಳಿಯ ಬೆನ್ನಿಗೇ ಕೆಲಸ ನಿಲ್ಲಿಸಿ ಬೀದಿಗೆ ಬಂದವರೂ ಇದೇ ಮುಂಬೈನ ನರ್ಸ್‌ಗಳೇ. ಅರುಣಾಗೆ ತಕ್ಕ ಚಿಕಿತ್ಸೆ, ತಮಗೆ ಸುರಕ್ಷಿತ ಕೆಲಸದ ಜಾಗ ಎಂಬುದು ಅವರ ಬೇಡಿಕೆಯಾಗಿತ್ತು. ಮುಂದೆ 1980ರ ದಶಕದಲ್ಲಿ ಪಾಲಿಕೆ ಆಕೆಯನ್ನು ಆಸ್ಪತ್ರೆಯಿಂದ ಸಾಗಹಾಕಲು ನೋಡಿದಾಗ ಮತ್ತೆ ಪ್ರತಿಭಟಿಸಿ ತಡೆದರು. ಮುಷ್ಕರ ಮಾಡಿದ ಕೈ ಮತ್ತು ಆರೈಕೆ ಮಾಡಿದ ಕೈ ಬೇರೆಬೇರೆಯಾಗಿರಲಿಲ್ಲ. ನಾವು ಮಾತ್ರ ಎರಡನೆಯದನ್ನು ಕೊಂಡಾಡಿ ಮೊದಲನೆಯದನ್ನು ಮರೆತಿದ್ದೇವೆ. ನರ್ಸ್‌ಗಳ ರಾತ್ರಿ ಪಾಳಿಯ ಸುರಕ್ಷತೆ ಇಂದಿಗೂ ಅರೆಬರೆಯೇ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಗೆ ಕರ್ನಾಟಕ 2009ರಲ್ಲೇ ಕಾಯ್ದೆ ಮಾಡಿಕೊಂಡಿದೆ. ವಾರ್ಡಿನ ಬಾಗಿಲಲ್ಲಿ ಕಾವಲಿನವರಿಲ್ಲದಿದ್ದರೆ ಕಾಯ್ದೆ ಕಡತದಲ್ಲೇ ಉಳಿಯುತ್ತದೆ.

ಎರಡನೆಯ ಆಕ್ಷೇಪ ಹಣದ್ದು. ಬಡ ದೇಶ, ಇಷ್ಟೊಂದು ನೇಮಕಾತಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ. ಇಲ್ಲಿ ಮೊದಲು ಗಮನಿಸಬೇಕಾದದ್ದು, ನರ್ಸ್ ಇಲ್ಲದ್ದಕ್ಕೂ ಖರ್ಚಿದೆ ಎಂಬುದು. ಮಗ್ಗುಲು ಬದಲಿಸದೆ ಆದ ಬೆಡ್‌ಸೋರ್, ಕೈ ಶುಚಿಯಿಲ್ಲದೆ ಹಬ್ಬಿದ ಸೋಂಕು, ತಡವಾಗಿ ಗೊತ್ತಾದ ರಕ್ತಸ್ರಾವ ಎಲ್ಲವೂ ಹಾಸಿಗೆಯ ಮೇಲಿನ ದಿನಗಳನ್ನು ಹೆಚ್ಚಿಸುತ್ತವೆ, ದುಬಾರಿ ಔಷಧಕ್ಕೆ ಎಳೆಯುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ 27 ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ಹಗಲು ನಾಲ್ಕು, ರಾತ್ರಿ ಏಳು ರೋಗಿಗಳಿಗೊಬ್ಬ ನರ್ಸ್ ಎಂದು ಕಾನೂನು ಮಾಡಿತು. 2021ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಹೆಚ್ಚುವರಿ ನರ್ಸ್‌ಗಳಿಗೆ ತಗುಲಿದ್ದು ಸುಮಾರು 3.3 ಕೋಟಿ ಆಸ್ಟ್ರೇಲಿಯನ್ ಡಾಲರ್. ರೋಗಿಗಳು ಬೇಗ ಮನೆಗೆ ಹೋದದ್ದರಿಂದ, ಮತ್ತೆ ದಾಖಲಾಗುವುದು ತಪ್ಪಿದ್ದರಿಂದ ಉಳಿದದ್ದು ಅದರ ಎರಡರಷ್ಟು. ಕ್ವೀನ್ಸ್‌ಲ್ಯಾಂಡ್ ಶ್ರೀಮಂತ, ನಾವು ಬಡವರು, ಒಪ್ಪಿಕೊಳ್ಳೋಣ. ಬಡವರಿಗೆ ಪೋಲು ಮಾಡುವ ಅನುಕೂಲ ಇನ್ನೂ ಕಡಿಮೆ. ಜೊತೆಗೆ ನಮ್ಮಲ್ಲಿ ಉಳಿತಾಯದ ಹೆಸರಿನಲ್ಲಿ ನಡೆದಿರುವುದು ಗುತ್ತಿಗೆ. ಒಂದೇ ವಾರ್ಡು, ಒಂದೇ ಪಾಳಿ, ಒಂದೇ ಕೆಲಸ. ಒಬ್ಬರು ಕಾಯಂ, ಪಕ್ಕದಲ್ಲಿ ನಿಂತವರು ಗುತ್ತಿಗೆ, ಸಂಬಳ ಕಾಯಂ ಆದವರದ್ದರ ಒಂದು ಪಾಲು ಮಾತ್ರ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲಿ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದರೂ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಆರಂಭದಲ್ಲಿ ಬೆಂಗಳೂರಿನಲ್ಲಿ ವಾರಗಟ್ಟಲೆ ಧರಣಿ ಕೂರಬೇಕಾಯಿತು. ನೌಕರರು ಬೀದಿಗಿಳಿದಾಗ ಆರೋಗ್ಯ ಅಗತ್ಯ ಸೇವೆ ಎಂದು ಎಸ್ಮಾ ಕಾಯ್ದೆಯನ್ನು ನೆನಪಿಸುವ ಸರ್ಕಾರಗಳಿಗೆ ನೇಮಕಾತಿಯ ಹೊತ್ತಿಗೂ ಅದು ಅಗತ್ಯ ಸೇವೆ ಎಂಬುದು ನೆನಪಾಗಬೇಕು.

ಇನ್ನು ಕೆಲವರು ಕೊರತೆ ಇರುವುದು ನರ್ಸ್‌ಗಳದ್ದೇ, ಕಾಲೇಜು ಹೆಚ್ಚಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಸ್ವಾತಂತ್ರ್ಯಕ್ಕೆ ಮೊದಲು ಅದು ನಿಜವಾಗಿತ್ತು. 1946ರ ಭೋರ್ ಸಮಿತಿ ವರದಿಯ ಕಾಲಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಇದ್ದದ್ದು ಸುಮಾರು 7,000 ನರ್ಸ್‌ಗಳು, ಅಂದರೆ 43,000 ಜನಕ್ಕೆ ಒಬ್ಬರು. ಇಂದು ದೇಶದ ನೋಂದಣಿ ಪುಸ್ತಕಗಳಲ್ಲಿ 33 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಆ ಪಟ್ಟಿಯಲ್ಲಿ ನಿವೃತ್ತರೂ ಇದ್ದಾರೆ, ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ, ಐರ್ಲೆಂಡಿಗೆ ಹೋದವರೂ ಇದ್ದಾರೆ, ಮದುವೆಯಾದ ಮೇಲೆ ಈ ಸಂಬಳಕ್ಕೆ ರಾತ್ರಿ ಪಾಳಿ ಬೇಡವೆಂದು ಮನೆಯಲ್ಲಿ ಕುಳಿತವರೂ ಇದ್ದಾರೆ. ಕರ್ನಾಟಕದಲ್ಲಂತೂ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಇಲ್ಲಿಗೆ ಬಂದು ಓದುತ್ತಾರೆ. ಇಷ್ಟು ಮಂದಿಯನ್ನು ತಯಾರಿಸುವ ರಾಜ್ಯದ ವಾರ್ಡುಗಳಲ್ಲೇ ಕೈ ಸಾಲದೆ ಹೋದರೆ, ಓದಿದವರು ಇಲ್ಲಿ ನಿಲ್ಲುವಂಥ ಕೆಲಸ ಇಲ್ಲವೆಂದೇ ಅರ್ಥ. ಸಾಲ ಮಾಡಿ ಓದಿದ ಹುಡುಗಿ ಜರ್ಮನ್ ಕಲಿತು ವಿಮಾನ ಹತ್ತಿದರೆ ಆಕೆಯ ದೇಶಪ್ರೇಮವನ್ನು ಅಳೆಯಲು ನಮಗೆ ಯಾವ ಹಕ್ಕೂ ಇಲ್ಲ. ಸೋರುವ ಜಾಗವನ್ನು ಮುಚ್ಚದೆ ಹೊಸ ಕಾಲೇಜು ತೆರೆಯುತ್ತ ಹೋದರೆ ಕಾಲೇಜಿನವರಿಗೆ ಶುಲ್ಕ ಬರುತ್ತದೆ, ವಾರ್ಡಿಗೆ ಪಾಠ ಕಲಿಯಬೇಕಾದ ವಿದ್ಯಾರ್ಥಿಗಳು ಸಂಬಳವಿಲ್ಲದ ಸಿಬ್ಬಂದಿಯಾಗಿ ಬರುತ್ತಾರೆ, ಅಷ್ಟೆ.

ಖಾಸಗಿ ಆಸ್ಪತ್ರೆಗಳ ಕಥೆ ಚಿಕ್ಕದು, ಏಕೆಂದರೆ ಅಲ್ಲಿ ಪರಿಹಾರ ಬರೆದು ಇಟ್ಟಾಗಿದೆ. ತರಬೇತಾದ ನರ್ಸ್‌ಗಳ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಸಮಿತಿ ರಚಿಸಲು ಹೇಳಿತು, ಆ ವರ್ಷವೇ ಶಿಫಾರಸು ರಾಜ್ಯಗಳಿಗೆ ಹೋಯಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ರಷ್ಟು ಮಾತ್ರ ಕಡಿಮೆ. 50ರಿಂದ 100ರವರೆಗೆ ಶೇ. 25ರಷ್ಟು ಕಡಿಮೆ, 50ಕ್ಕಿಂತ ಕಡಿಮೆ ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇಲ್ಲ. ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮ್ ಮುಚ್ಚಿಹೋಗುತ್ತದೆ ಎಂದು ಹೆದರಿಸುವವರಿಗೆ ಈ ಶ್ರೇಣಿಯಲ್ಲೇ ಉತ್ತರವಿದೆ. ಸಣ್ಣವರ ಮೇಲೆ ದೊಡ್ಡವರ ಹೊರೆಯನ್ನು ಸಮಿತಿ ಹೊರಿಸಿಲ್ಲ. ಕೇರಳದಲ್ಲಿ ನರ್ಸ್‌ಗಳ ಸಂಘಟನೆ 2011ರಿಂದ ಬಿಡದೆ ಹೋರಾಡಿ, 2018ರ ಏಪ್ರಿಲ್‌ನಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ನಡೆದು ಹೋಗುತ್ತೇವೆಂದು ಸಾರಿದ ಮೇಲೆ 20,000 ರೂಪಾಯಿ ಮೂಲವೇತನದ ಅಧಿಸೂಚನೆ ಹೊರಬಿತ್ತು. ಸನ್ಮಾನ ಸಮಾರಂಭದಿಂದ ಬಂದದ್ದಲ್ಲ ಅದು.

ಎಲ್ಲಕ್ಕಿಂತ ಕಟುವಾದ ಆಕ್ಷೇಪ ಸಾಮಾನ್ಯ ಜನರದ್ದು, ಅದನ್ನು ಜಾರಿಸಿಕೊಂಡು ಹೋಗಬಾರದು. ಸರ್ಕಾರಿ ಹೆರಿಗೆ ವಾರ್ಡಿನಲ್ಲಿ ಗದರಿಸಿಕೊಂಡ ಹೆಂಗಸರು, ಮಗುವಿನ ಮುಖ ತೋರಿಸಲು ಕೈಚಾಚುವುದನ್ನು ಕಂಡವರು, ಕರೆದರೂ ತಿರುಗಿ ನೋಡದ ಸಿಸ್ಟರ್‌ಗಳನ್ನು ನೆನೆಯುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. 2025ರ ಜನವರಿಯಲ್ಲಿ ಹಾನಗಲ್ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಮಗುವಿನ ಕೆನ್ನೆಯ ಗಾಯಕ್ಕೆ ಹೊಲಿಗೆ ಹಾಕುವ ಬದಲು ಫೆವಿಕ್ವಿಕ್ ಹಚ್ಚಿದ್ದು ರಾಜ್ಯವನ್ನೇ ಬೆಚ್ಚಿಬೀಳಿಸಿತು. ಆ ನರ್ಸ್ ಅಮಾನತಾದದ್ದು ನ್ಯಾಯವೇ. ಲಂಚಕ್ಕೆ, ಕ್ರೌರ್ಯಕ್ಕೆ, ಇಂಥ ಅಜ್ಞಾನಕ್ಕೆ ಕೆಲಸದೊತ್ತಡದ ಸಮರ್ಥನೆ ಕೊಡಲು ನಾನು ಸಿದ್ಧನಿಲ್ಲ. ಆದರೆ ಈ ದೂರುಗಳು ನಾನು ಖಂಡಿಸುತ್ತಿರುವ ನಂಬಿಕೆಗೆ ಬೆಂಬಲ ಕೊಡುವುದಿಲ್ಲ, ಅದನ್ನೇ ದುರ್ಬಲಗೊಳಿಸುತ್ತವೆ. ನರ್ಸ್‌ಗಳನ್ನು ದೇವತೆ ಎಂದು ಕರೆದಾಗ ಅವರ ತಪ್ಪನ್ನು ಅಳೆಯುವ ಕೋಲೂ ಕೈತಪ್ಪುತ್ತದೆ. ಒಬ್ಬರಿಗೆ ಆರು ರೋಗಿಗಳಿದ್ದು ಡೋಸು ತಪ್ಪಿದರೆ ಅದು ನಿರ್ಲಕ್ಷ್ಯ, ಆ ವ್ಯಕ್ತಿಯನ್ನು ಕೇಳಬಹುದು. ನಲವತ್ತು ಮಂದಿ ಇದ್ದು ತಪ್ಪಿದರೆ ಯಾರನ್ನು ಕೇಳುವುದು? ಒಳ್ಳೆಯ ನರ್ಸ್ ಮತ್ತು ಕೆಟ್ಟ ನರ್ಸ್ ನಡುವಿನ ಅಂತರವೇ ಕಾಣದಂತೆ ಕೊರತೆ ಎಲ್ಲರನ್ನೂ ಒಂದೇ ಮಸುಕಿನಲ್ಲಿ ಮುಚ್ಚುತ್ತದೆ. ಹೊಣೆಗಾರಿಕೆ ಬೇಕೆನ್ನುವವರು ಮೊದಲು ಅನುಪಾತ ಕೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗಾಯದ ಚಿಕಿತ್ಸೆಯನ್ನು ಯಾರು ಮೇಲ್ವಿಚಾರಣೆ ಮಾಡುತ್ತಾರೆ, ಕೊನೆಯ ಪುನಶ್ಚೇತನ ತರಬೇತಿ ಯಾವಾಗ ಆಯಿತು ಎಂದೂ ಜೊತೆಗೇ ಕೇಳಬೇಕು.

ಹೊಗಳಿಕೆಯೇ ಬೇಡವೇ ಎಂದರೆ, ಬೇಕು. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನುವುದು ಮನುಷ್ಯರ ಕರ್ತವ್ಯ. ಗುಣಮುಖನಾಗಿ ಹೊರಡುವ ರೋಗಿ ಕೈಮುಗಿದರೆ ಅದು ನರ್ಸ್‌ಗೆ ಸಿಗುವ ನಿಜವಾದ ಸಂತೋಷಗಳಲ್ಲಿ ಒಂದು. ಆದರೆ ಆ ಮಾತನ್ನು ಆಡುವ ಅಧಿಕಾರ ರೋಗಿಗಿದೆ. ಹುದ್ದೆ ತುಂಬುವ, ಔಷಧ ತರಿಸುವ, ರಜೆ ಮಂಜೂರು ಮಾಡುವ ಅಧಿಕಾರವಿದ್ದೂ ಅದನ್ನು ಬಳಸದವರಿಗೆ ಬರೀ ಮಾತಿನ ಪ್ರೋತ್ಸಾಹ ಕೊಟ್ಟು ಮುಗಿಸುವ ಹಕ್ಕಿಲ್ಲ. ಅವರು ಕೊಡಬಹುದಾದ ಪ್ರೋತ್ಸಾಹ ಬೇರೆಯೇ ಇದೆ, ಅದು ದೊಡ್ಡ ತತ್ವವೂ ಅಲ್ಲ. ಶುಶ್ರೂಷಾ ಪರಿಷತ್ತಿನ ಅನುಪಾತವನ್ನು ಆಸ್ಪತ್ರೆಯ ಪರವಾನಗಿಗೆ, ನವೀಕರಣಕ್ಕೆ ಕಟ್ಟಬೇಕು. ರಜೆಗೆಂದು ಇರುವ ಶೇ. 30ರ ಹುದ್ದೆಗಳನ್ನು ಹೆಚ್ಚುವರಿ ಎಂದು ಕತ್ತರಿಸಬಾರದು. ಆ ಹುದ್ದೆಗಳಿಲ್ಲದ ಕಡೆ ಒಬ್ಬರ ಹೆರಿಗೆ ರಜೆ ಇನ್ನೊಬ್ಬರ ಡಬಲ್ ಡ್ಯೂಟಿಯಾಗುತ್ತದೆ, ಸಹೋದ್ಯೋಗಿಗಳ ನಡುವೆ ಮುನಿಸು ಹುಟ್ಟುತ್ತದೆ. ಕುಡಿಯುವ ನೀರು, ಬೀಗ ಹಾಕಬಹುದಾದ ವಿಶ್ರಾಂತಿ ಕೋಣೆ, ಸ್ವಚ್ಛ ಶೌಚಾಲಯ, ರಾತ್ರಿ ಪಾಳಿಗೆ ಬಂದುಹೋಗುವ ವಾಹನ ಇವುಗಳಿಗೆ ಯಾವ ಹೊಸ ಕಾನೂನೂ ಬೇಕಾಗಿಲ್ಲ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಒಂದು ಕೆಲಸಕ್ಕೆ ಒಂದು ಪುಸ್ತಕ, ಒಂದು ಪೆನ್ನು ಸಾಕು. ಪ್ರತಿ ಪಾಳಿ ಬದಲಾಗುವಾಗ ಈ ವಾರ್ಡಿನಲ್ಲಿ ಎಷ್ಟು ರೋಗಿಗಳು, ಎಷ್ಟು ನರ್ಸ್‌ಗಳು, ಯಾವ ಔಷಧ ಇಲ್ಲ, ಯಾವ ಕೆಲಸ ಆಗಲಿಲ್ಲ ಎಂದು ಬರೆದು ಸಹಿ ಹಾಕುವ ಹಕ್ಕು ನರ್ಸ್‌ಗೆ ಇರಬೇಕು. ಬರೆದದ್ದಕ್ಕೆ ಮೆಮೊ, ವರ್ಗಾವಣೆ ಬರಬಾರದು. ರೋಗಿಗಳ ಮತ್ತು ನರ್ಸ್‌ಗಳ ಸಂಖ್ಯೆಯನ್ನು ವಾರ್ಡಿನ ಬಾಗಿಲಲ್ಲೇ, ರೋಗಿಯ ಕಡೆಯವರಿಗೆ ಓದಲು ಬರುವಂತೆ ಕನ್ನಡದಲ್ಲಿ ಬರೆದು ಹಾಕಬೇಕು. ಆಗ ಡ್ರಿಪ್ ಮುಗಿದು ಹತ್ತು ನಿಮಿಷವಾದರೂ ಯಾರೂ ಬರಲಿಲ್ಲವೆಂದು ಸಿಟ್ಟಾದವರು ಯಾರ ಮೇಲೆ ಸಿಟ್ಟಾಗಬೇಕೆಂದು ಆ ಫಲಕ ನೋಡಿ ತಿಳಿಯುತ್ತಾರೆ. ಜಿಲ್ಲೆಜಿಲ್ಲೆಯ ಈ ಲೆಕ್ಕ ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಯ ಕೈಸೇರಿ, ಸದನದ ಮುಂದೆ ಬರಬೇಕು. ನರ್ಸ್‌ಗಳ ದಿನಾಚರಣೆಗೆ ಮುಖ್ಯ ಅತಿಥಿಗಳಾಗಿ ಬಂದು ಮಾತಾಡುವ ಶಾಸಕರು ಮುಂದಿನ ಅಧಿವೇಶನದಲ್ಲಿ ಲಿಖಿತ ಉತ್ತರ ಕೋರಿ ಒಂದು ಪ್ರಶ್ನೆ ಹಾಕಲಿ: ತಮ್ಮ ಕ್ಷೇತ್ರದ ಆಸ್ಪತ್ರೆಯಲ್ಲಿ ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳಿದ್ದರು, ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ ಇವೆ, ಅವನ್ನು ಯಾವ ತಾರೀಖಿನೊಳಗೆ ತುಂಬುತ್ತೀರಿ?